ಫ್ರೆಂಚ್‌ರಾಕ್ಸಿನಿಂದ ಸಾಷ್ಟಿಯವರೆಗೆ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಅಂಬರನಾಥದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಳೆದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನನಗೊಂದು ಕೆಲಸವನ್ನು ಒಪ್ಪಿಸಲಾಗಿತ್ತು. ನಮ್ಮ ಸಂಘದ ಸಮೀಪದ ಚೌಕಕ್ಕೆ ಕನ್ನಡದ ಹಿರಿಯರೊಬ್ಬರ ಹೆಸರನ್ನಿಡಬೇಕೆಂದು ಇಲ್ಲಿನ ನಗರಪರಿಷತ್ತನ್ನು ಕೋರುವ ಮನವಿಯೊಂದರ ಕರಡನ್ನು ನಾನು ಬರೆಯಬೇಕಿತ್ತು. ಸರಕಾರಿ ಕಾಗದ ಬರೆದು ಬರೆದು ಕೈ ಪಳಗಿದವನು ಎಂಬ ಕಾರಣಕ್ಕೆ ಅದು ನನ್ನ ಪಾಲಿಗೆ ಬಂದಿತು. ಮೂರು ತಿಂಗಳಾದವು. ಕರಡು ಆಗಿಲ್ಲ. ಏಕೆ ಆಗಿಲ್ಲವೆಂಬುದನ್ನು ಹೇಳುವುದಕ್ಕಾಗಿಯೇ ಇಂದು ಈ ವಿಷಯವನ್ನು ಆರಿಸಿಕೊಂಡಿದ್ದೇನೆ. ದಾರಿ ಸ್ವಲ್ಪ ಸುತ್ತಿನದು, ತಾವು ಸೈರಿಸಿಕೊಳ್ಳಬೇಕು.

ನನ್ನ ತಂದೆಯವರ ಶಾಲೆಯ ಸರ್ಟಿಫಿಕೇಟಿನಲ್ಲಿ ಹುಟ್ಟಿದ ಊರು ಎಂಬಲ್ಲಿ ‘ಫ್ರೆಂಚ್ ರಾಕ್ಸ್, ಮೈಸೂರು ಸಂಸ್ಥಾನ’ ಎಂದಿದೆ. 1961ರಲ್ಲಿ ಅವರು ಅಂಬರನಾಥದ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಸೇರಿದಾಗ ಗುಮಾಸ್ತರು ಆ ಕಾಗದವನ್ನು ಎರಡು ಬಾರಿ ಓದಿ, ನೀವು ಫ್ರಾನ್ಸಿನಲ್ಲಿ ಹುಟ್ಟಿದವರೇ ಎಂದು ಕೇಳಿದರಂತೆ. ನಿವೃತ್ತಿಯಾಗುವವರೆಗೂ ಅವರ ಮರಾಠಿ ಗೆಳೆಯರು ಅವರನ್ನು ‘ಫ್ರಾನ್ಸ್‌ವಾಲೆ’ ಎಂದೇ ಕರೆಯುತ್ತಿದ್ದರು. ಊರಿನಲ್ಲಿ ನಮ್ಮ ಅಜ್ಜಿಯ ಬಾಯಲ್ಲಿ ಅದು ಕೊನೆಯವರೆಗೂ ‘ಹಿರೋಡೆ’. ಇಂದು ಭೂಪಟದಲ್ಲಿ ನೀವು ಕಾಣುವುದು ಮಂಡ್ಯ ಜಿಲ್ಲೆಯ ಪಾಂಡವಪುರ. ಒಂದೇ ಊರು, ಒಂದೇ ಕೆರೆ, ಒಂದೇ ಕುಂತಿಬೆಟ್ಟ. ಹೆಸರು ಮಾತ್ರ ಮೂರು.

ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯದಲ್ಲಿ ಫ್ರೆಂಚರ ದಳಗಳಿದ್ದುದು ಎಲ್ಲರಿಗೂ ತಿಳಿದ ಸಂಗತಿ. ಶ್ರೀರಂಗಪಟ್ಟಣಕ್ಕೆ ಉತ್ತರದಲ್ಲಿ, ಕೆಲವೇ ಮೈಲಿಗಳ ದೂರದಲ್ಲಿ, ಈ ಬಂಡೆಗುಡ್ಡಗಳ ಬುಡದಲ್ಲಿ ಅವರ ಬೀಡು ಇತ್ತು. ಅದರಿಂದ ಆ ಜಾಗಕ್ಕೆ ಫ್ರೆಂಚರ ಬಂಡೆಗಳು ಎಂಬ ಹೆಸರು. ಆದರೆ ಆ ಹೆಸರನ್ನು ಕಾಗದದಲ್ಲಿ ಭದ್ರಪಡಿಸಿದವರು ಫ್ರೆಂಚರಲ್ಲ, ಅವರ ಶತ್ರುಗಳಾದ ಇಂಗ್ಲಿಷರು! 1799ರ ನಂತರ ಇಂಗ್ಲಿಷರು ಅದೇ ಸ್ಥಳದಲ್ಲಿ ತಮ್ಮ ದಂಡನ್ನಿಟ್ಟರು. 1882ರಲ್ಲಿ ಮೈಸೂರನ್ನು ಮುಟ್ಟಿದ ರೈಲುದಾರಿಯ ನಿಲ್ದಾಣಕ್ಕೂ ಅದೇ ಹೆಸರು ಬಂದಿತು. ಗೆದ್ದವನು ಸೋತವನ ಹೆಸರನ್ನು ಉಳಿಸಿದ್ದು ಪ್ರೀತಿಯಿಂದಲ್ಲ. ನಕ್ಷೆ ಬರೆಯುವವನಿಗೆ ಒಂದು ಗುರುತು ಬೇಕಾಗಿತ್ತು, ಅಷ್ಟೆ. ಆಮೇಲೆ ನಾವು, ವನವಾಸದ ಕಾಲದಲ್ಲಿ ಪಾಂಡವರು ಇಲ್ಲಿ ತಂಗಿದ್ದರು, ಕುಂತಿಗೆ ಈ ಬೆಟ್ಟ ಹಿಡಿಸಿತ್ತು ಎಂಬ ಐತಿಹ್ಯವನ್ನು ಆಧರಿಸಿ ಪಾಂಡವಪುರ ಎಂದೆವು. ಹಾಗೆ ಮಾಡುವಾಗ ಪರಕೀಯರ ಹೆಸರು ಹೋಯಿತೆಂದು ಸಂತೋಷಪಟ್ಟೆವು. ಹಿರೋಡೆ ಎಂಬ ಅಚ್ಚಗನ್ನಡದ ಹೆಸರೂ ಜೊತೆಗೇ ಹೋಯಿತೆಂಬುದನ್ನು ಯಾರೂ ಗಮನಿಸಲಿಲ್ಲ. ಪಕ್ಕದ ತೊಣ್ಣೂರು ಕೆರೆಗೆ ‘ಮೋತಿ ತಾಲಾಬ್’ ಎಂಬ ಹೆಸರು ಬಂದದ್ದುಂಟು. ಆದರೆ ಜನ ತೊಣ್ಣೂರು ಕೆರೆ ಎನ್ನುವುದನ್ನು ಬಿಡಲಿಲ್ಲ, ಕೆರೆ ಉಳಿದುಕೊಂಡಿತು.

ಹೊರನಾಡಿನಲ್ಲಿಯೂ ಇಂಥ ಉದಾಹರಣೆಗಳಿವೆ. ಹೈದರಾಬಾದಿನಲ್ಲಿರುವ ನಮ್ಮವರಿಗೆ ಮೂಸಾರಾಂಬಾಗ್ ಗೊತ್ತು. ಮೂಸಾರಾಂ ಎಂಬುವನು ಯಾವ ಹಿಂದೂ ಮಹನೀಯನೂ ಅಲ್ಲ, ಮುಸ್ಲಿಂ ಸಂತನೂ ಅಲ್ಲ. ನಿಜಾಮನ ಸೇನೆಯಲ್ಲಿದ್ದು 1798ರಲ್ಲಿ ತೀರಿಕೊಂಡ ಫ್ರೆಂಚ್ ಸೇನಾನಿ ಮೊಸ್ಯೂ ರೇಮೊಂ ಜನರ ನಾಲಗೆಯ ಮೇಲೆ ಹೊರಳಿ ಹೊರಳಿ ಮೂಸಾರಾಂ ಆದ. ನಗರದ ಇಬ್ಬಗೆಯ ಜನರೂ ಅವನನ್ನು ತಮ್ಮವನೆಂದುಕೊಳ್ಳುವುದಕ್ಕೆ ಈ ಹೆಸರು ಅನುಕೂಲವಾಗಿಯೇ ಇದೆ. ನನಗೆ ಇದು ಬಹಳ ಹಿಡಿಸಿದ ಹೆಸರು. ಯಾವ ಪರಿಷತ್ತೂ ಠರಾವು ಮಾಡಿ ಇಂಥದನ್ನು ಸೃಷ್ಟಿಸಲಾರದು.

ಸೈನಿಕರ ಮಾತು ಸಾಕು. ನಾಡು ನೋಡಲು ಬಂದ ಫ್ರೆಂಚರ ಕಡೆಗೆ ತಿರುಗೋಣ.

ಮೊದಲನೆಯವರು ಅಬ್ಬೆ ದ್ಯುಬ್ವಾ. 1792ರಲ್ಲಿ ಭಾರತಕ್ಕೆ ಬಂದ ಈ ಪಾದ್ರಿ ಶ್ರೀರಂಗಪಟ್ಟಣದ ಪತನದ ನಂತರ ಅಲ್ಲಿನ ಕ್ರೈಸ್ತರ ನಡುವೆ ನೆಲೆಸಿದರು. ಇಲ್ಲಿಯವರಂತೆ ಉಡುಪು ತೊಟ್ಟು, ಇಲ್ಲಿಯವರ ಊಟ ಉಂಡು, ‘ದೊಡ್ಡ ಸ್ವಾಮಿಯವರು’ ಎನ್ನಿಸಿಕೊಂಡರು. ಸಿಡುಬಿನ ಲಸಿಕೆ ಹಾಕಿಸುವ ಕೆಲಸದಲ್ಲಿ ದುಡಿದರು. 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿ 1848ರಲ್ಲಿ ಕಾಲವಾದರು. ಗಂಜಾಮಿನ ಹಳೆಯ ಚರ್ಚನ್ನು ಇಂದಿಗೂ ಅವರ ಹೆಸರಿನಿಂದ ಗುರುತಿಸುತ್ತಾರೆ. ಹಿಂದೂ ಆಚಾರ ವ್ಯವಹಾರಗಳ ಮೇಲೆ ಅವರ ಹೆಸರಿನಲ್ಲಿ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಗ್ರಂಥ ಒಂದು ಶತಮಾನಕ್ಕೂ ಮಿಕ್ಕಿ ಪ್ರಮಾಣವೆನ್ನಿಸಿತ್ತು. ಆದರೆ ಆ ಗ್ರಂಥದ ಬಹುಭಾಗಕ್ಕೆ ಆಧಾರವಾದದ್ದು ಅವರಿಗಿಂತ ಹಿಂದಿನ ಕೂರ್ದೂ ಎಂಬ ಜೆಸ್ವಿಟ್ ಪಾದ್ರಿಯ ಹಸ್ತಪ್ರತಿ ಎಂದು ಸಿಲ್ವಿಯಾ ಮೂರ್ ಎಂಬ ವಿದುಷಿ 1987ರಲ್ಲಿ ತೋರಿಸಿಕೊಟ್ಟರು. ಕೂರ್ದೂ ಅವರ ಹೆಸರಿನ ಚರ್ಚನ್ನಾಗಲಿ ಬೀದಿಯನ್ನಾಗಲಿ ನಾನು ನಮ್ಮ ಕಡೆ ಕಂಡಿಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇನ್ನೊಂದು ಚರ್ಚು ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲ ಮುಳುಗಿ ಬೇಸಿಗೆಯಲ್ಲಿ ಏಳುತ್ತದೆ. ಜನ ಅದನ್ನು ‘ಮುಳುಗುವ ಚರ್ಚು’ ಎನ್ನುತ್ತಾರೆ. ಕಟ್ಟಿಸಿದವರ ಹೆಸರು ಯಾರ ಬಾಯಲ್ಲಿಯೂ ಇಲ್ಲ.

ಎರಡನೆಯವನು ಲೆಶನೋ ದ ಲಾ ತೂರ್. 1800ರಲ್ಲಿ ಹೊರಟ ಬೋದಾಂ ಎಂಬ ನಾವಿಕನ ಶೋಧಯಾತ್ರೆಯಲ್ಲಿ ಈತ ಸಸ್ಯಶಾಸ್ತ್ರಜ್ಞ. ಪಶ್ಚಿಮ ಆಸ್ಟ್ರೇಲಿಯಾದ ಬನ್‌ಬರಿ ಪಟ್ಟಣದ ಬಳಿಯ ವಿಶಾಲವಾದ ಹಿನ್ನೀರಿಗೆ ಈತನ ಹೆಸರನ್ನಿಟ್ಟರು. ಇಂದಿಗೂ ಅದು ಲೆಶನೋ ಅಳಿವೆಯೇ. ಆ ಕರಾವಳಿಯಲ್ಲಿ ಈತ ಕಳೆದದ್ದು ಅಲ್ಪಕಾಲ. ಅನಂತರ ಪುದುಚೇರಿಗೆ ಬಂದು ವರ್ಷಗಟ್ಟಲೆ ದಕ್ಷಿಣ ಭಾರತದಲ್ಲಿ ತಿರುಗಿ, 1819ರಲ್ಲಿ ನೀಲಗಿರಿಯನ್ನೇರಿ, ಬಡಗರ ಊರುಗಳ ಸುತ್ತಿನ ಕಾಡಿನಲ್ಲಿ ಗಿಡಮೂಲಿಕೆ ಸಂಗ್ರಹಿಸಿದ. ಅಲ್ಲಿ ಈತನ ಹೆಸರಿನ ಬೆಟ್ಟವೂ ಇಲ್ಲ, ಬೀದಿಯೂ ಇಲ್ಲ. ಬೇಲಿ ಮರಗಳ ಮೇಲೆ ಹಬ್ಬುವ ಬಿಳಿ ಕಾಡುಗುಲಾಬಿಯೊಂದಕ್ಕೆ ಮಾತ್ರ ಶಾಸ್ತ್ರಜ್ಞರು ಈತನ ಹೆಸರನ್ನು ಕೊಟ್ಟಿದ್ದಾರೆ. ಹತ್ತು ದಿನ ಇದ್ದ ಕಡೆ ಭೂಮಿಯ ಮೇಲೆ ಹೆಸರು, ಹತ್ತು ಸಾವಿರ ಹೆಜ್ಜೆ ಸವೆಸಿದ ಕಡೆ ಒಂದು ಹೂವಿನ ಮೇಲೆ ಹೆಸರು. ನಿರ್ಜನವೆಂದು ತಾವು ಭಾವಿಸಿದ ತೀರಕ್ಕೆ ಬಂದವರು ಹೆಸರಿಡುತ್ತ ಹೋಗುತ್ತಾರೆ. ಆ ತೀರದಲ್ಲಿ ಜನರಿದ್ದರು, ಅವರಲ್ಲಿ ಹೆಸರುಗಳಿದ್ದವು ಎಂಬುದನ್ನು ಹಡಗಿನವರು ಕೇಳಲಿಲ್ಲ. ನೀಲಗಿರಿಯಲ್ಲಿ ಆ ಹೆಸರುಗಳನ್ನು ಕೂಗಿ ಹೇಳುವ ಬಡಗರು, ತೋಡರು ಇದ್ದರು.

ಮೂರನೆಯವನು ನಮ್ಮ ನೆರೆಯವನೆಂದೇ ಹೇಳಬೇಕು. ವಿಕ್ತೋರ್ ಜಾಕ್‌ಮೋಂ. 1801ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದವನು. ಅಲ್ಲಿನ ರಾಜೋದ್ಯಾನದ ವಸ್ತುಸಂಗ್ರಹಾಲಯ ಈತನನ್ನು ಗಿಡ, ಪ್ರಾಣಿ, ಕಲ್ಲುಗಳ ಸಂಗ್ರಹಕ್ಕೆಂದು ಕಳಿಸಿತು. 1829ರಲ್ಲಿ ಕಲಕತ್ತೆಯಲ್ಲಿಳಿದು, ಹಿಮಾಲಯವನ್ನು ಹತ್ತಿ, ಲಾಹೋರಿನಲ್ಲಿ ಮಹಾರಾಜ ರಣಜಿತ್ ಸಿಂಗನನ್ನು ಕಂಡು, ಕಾಶ್ಮೀರವನ್ನು ಸುತ್ತಿ, ದಖ್ಖನಿಗೆ ಬಂದ. ಕೈಯಲ್ಲಿ ಹಣ ಕಡಿಮೆ, ಪೆನ್ನಿನಲ್ಲಿ ವಿನೋದ ಹೆಚ್ಚು. ಮನೆಯವರಿಗೂ ಗೆಳೆಯರಿಗೂ ಬರೆದ ಪತ್ರಗಳು ಸತ್ತ ಮೇಲೆ ಅಚ್ಚಾಗಿ ಅವನಿಗೆ ಸಾಹಿತ್ಯದಲ್ಲಿಯೂ ಒಂದು ಸ್ಥಾನ ದೊರೆಯಿತು. 1832ರಲ್ಲಿ ಪುಣೆಯ ಕಡೆಯಿಂದ ಘಟ್ಟವಿಳಿದು ಸಾಷ್ಟಿಯ ಕಾಡುಗಳಲ್ಲಿ ಅಲೆದ. ಸಾಷ್ಟಿಯೆಂದರೆ ಇಂಗ್ಲಿಷರ ಸಾಲ್ಸೆಟ್, ಠಾಣೆಯಿಂದ ಬಾಂದ್ರಾವರೆಗಿನ ದ್ವೀಪ. ಇಂದು ನಾವು ಗಾಡಿಯ ಬಾಗಿಲಿಗೆ ಜೋತುಬಿದ್ದು ದಾಟುವ ಮುಲುಂಡ, ಭಾಂಡುಪಗಳೆಲ್ಲ ಅದರೊಳಗಿನವು. ತನ್ನ ಕಾಯಿಲೆಯ ಬೀಜ ಆ ಕಾಡಿನಲ್ಲಿಯೇ ತಗುಲಿತೆಂದು ಅವನೇ ಅಣ್ಣನಿಗೆ ಬರೆದ ಕೊನೆಯ ಪತ್ರದಲ್ಲಿ ತಿಳಿಸಿದ. ತಿಂಗಳಿಗೂ ಮಿಕ್ಕಿ ಮುಂಬಯಿಯಲ್ಲಿ ಹಾಸಿಗೆ ಹಿಡಿದು 1832ರ ಡಿಸೆಂಬರ್ 7ರಂದು ಕಣ್ಮುಚ್ಚಿದ. ವಯಸ್ಸು 31. ಅರ್ಧ ಶತಮಾನದ ನಂತರ, 1881ರಲ್ಲಿ, ಅವನ ಅಸ್ಥಿಗಳನ್ನು ಮುಂಬಯಿಯ ಮಣ್ಣಿನಿಂದ ಎತ್ತಿ ಪ್ಯಾರಿಸಿಗೆ ಕೊಂಡೊಯ್ದರು.

ಪ್ಯಾರಿಸಿನಲ್ಲಿ ಅವನ ಹೆಸರಿನ ಬೀದಿಯಿದೆ. ಹಿಮಾಲಯದ ಬಿಳಿತೊಗಟೆಯ ಭೂರ್ಜವೃಕ್ಷಕ್ಕೆ ಅವನ ಹೆಸರಿದೆ. ಬಳ್ಳಿಗಳ ಒಂದು ಕುಲಕ್ಕೇ ‘ಜಾಕ್‌ಮೋಂಶಿಯಾ’ ಎಂದಿದ್ದಾರೆ. ನೀಲಿ ಹೂ ಬಿಡುವ ಅದರ ಜಾತಿಯೊಂದನ್ನು ನಮ್ಮ ಕಾಲೊನಿಗಳ ಗೇಟಿನ ಕಮಾನುಗಳ ಮೇಲೂ ಹಬ್ಬಿಸುತ್ತಾರೆ, ಹೆಸರು ತಿಳಿಯದೆ. ಆದರೆ ಅವನ ಜೀವವನ್ನು ತೆಗೆದುಕೊಂಡ ಸಾಷ್ಟಿಯಲ್ಲಿ, ಮೂವತ್ತು ವರ್ಷಗಳ ನನ್ನ ಓಡಾಟದಲ್ಲಿ, ಅವನ ಹೆಸರಿನ ಒಂದು ಫಲಕವನ್ನೂ ನಾನು ನೋಡಲಿಲ್ಲ. ಇರಬೇಕೆಂದು ನನ್ನ ಒತ್ತಾಯವೂ ಇಲ್ಲ. ಮನೆ ಬಿಟ್ಟು ಬಂದವನು ಬಂದ ಊರಿನಲ್ಲಿ ಸವೆದುಹೋಗುತ್ತಾನೆ, ಅವನ ಹೆಸರು ಬಿಟ್ಟುಬಂದ ಊರಿನಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ಎಷ್ಟು ಜನರ ಪಾಲಿಗೆ ಅದೂ ಇಲ್ಲ! ಊರಿನಲ್ಲಿ ನಾವು ‘ಬೊಂಬಾಯಿಯವರು’, ಇಲ್ಲಿ ‘ಕಾನಡಿ’.

ಈಗ ನನ್ನದೇ ಕಥೆಗೆ ಬರುತ್ತೇನೆ. ತಂದೆಯವರು ತೀರಿಕೊಂಡ ಮೇಲೆ, 2006ರಲ್ಲಿ, ಊರಿನ ಒಂದು ಎಕರೆ ಚಿಲ್ಲರೆ ಜಮೀನಿನ ಪೌತಿ ಖಾತೆಗಾಗಿ ಅರ್ಜಿ ಹಾಕಿದೆವು. ಸರ್ಟಿಫಿಕೇಟಿನ ಫ್ರೆಂಚ್ ರಾಕ್ಸ್, ಹಳೆಯ ಪತ್ರದ ಹಿರೋಡೆ, ಪಹಣಿಯ ಪಾಂಡವಪುರ ಮೂರೂ ಒಂದೇ ಎಂಬುದಕ್ಕೆ ದಾಖಲೆ ತನ್ನಿ ಎಂದರು. ಕೇಳಿದವರು ಅದೇ ಸೀಮೆಯವರು! ಎರಡು ವರ್ಷ ಅಲೆದೆ. ರಜೆಯೆಲ್ಲ ಅದಕ್ಕೇ ಹೋಯಿತು. ಈ ಕಥೆಯನ್ನು ಇದೇ ಸಭಾಂಗಣದಲ್ಲಿ ನಗುನಗುತ್ತ ಹಲವು ಬಾರಿ ಹೇಳಿದ್ದೇನೆ, ತಾವೂ ನಕ್ಕಿದ್ದೀರಿ.

ಹೇಳದೆ ಉಳಿಸಿಕೊಂಡ ಇನ್ನೊಂದು ಕಥೆಯಿದೆ.

2011ರಲ್ಲಿ ನಾನಿದ್ದ ಒಂದು ಕಛೇರಿಯಲ್ಲಿ ಕುಟುಂಬ ಪಿಂಚಣಿಯ ಕಡತವೊಂದು ನನ್ನ ಮೇಜಿಗೆ ಬಂದಿತು. ಗಂಡನ ಸೇವಾ ಪುಸ್ತಕದಲ್ಲಿ ಸ್ವಂತ ಊರು ‘ಕಲ್ಯಾಣಿ, ಹೈದರಾಬಾದ್ ಸಂಸ್ಥಾನ’. ಹೆಂಡತಿ ಕೊಟ್ಟ ಕಾಗದದಲ್ಲಿ ‘ಬಸವಕಲ್ಯಾಣ, ಕರ್ನಾಟಕ’. ಕೆಳಗಿನವರು ಅದನ್ನು ನಮ್ಮ ಈ ಠಾಣೆ ಜಿಲ್ಲೆಯ ಕಲ್ಯಾಣವೆಂದು ತಿಳಿದು, ಊರು ತಾಳೆಯಾಗುವುದಿಲ್ಲ, ವ್ಯಕ್ತಿ ಒಬ್ಬನೇ ಎಂಬುದು ಸಂಶಯಾಸ್ಪದ ಎಂದು ಟಿಪ್ಪಣಿ ಬರೆದಿದ್ದರು. ನಾನು ಕೆಳಗೆ ಸಹಿ ಹಾಕಿ ಹಿಂದಿರುಗಿಸಿದೆ. ನಿಜಾಮರ ಕಾಲದ ಕಲ್ಯಾಣಿಯೇ ಬಸವಕಲ್ಯಾಣವೆಂಬುದು ನನಗೆ ತಿಳಿಯದ ವಿಷಯವೇ? ಚಾಲುಕ್ಯರ ರಾಜಧಾನಿ, ಅನುಭವಮಂಟಪ ಎಂದು ಪ್ರತಿ ಬಸವಜಯಂತಿಗೂ ಇದೇ ವೇದಿಕೆಯಿಂದ ಮಾತನಾಡುವವನು ನಾನು. ಓದಿರಲಿಲ್ಲ, ಅಷ್ಟೆ. ಆ ದಿನ ಕಡತಗಳು ಬಹಳ ಇದ್ದವು ಎಂದು ಬೇಕಾದರೆ ಹೇಳಬಹುದು. ಬಹಳ ಇಲ್ಲದ ದಿನ ಯಾವುದಿತ್ತು?

ಮರುವರ್ಷದ ದಸರೆಯ ಕೂಟದಲ್ಲಿ ಆ ತಾಯಿ ನಮ್ಮ ಸಂಘಕ್ಕೆ ಬಂದಿದ್ದರು. ನನ್ನ ಹೆಂಡತಿಯ ಪಕ್ಕದಲ್ಲಿ ಕುಳಿತು, ‘ಹನ್ನೊಂದು ತಿಂಗಳು ಅಲೆಸಿದರ್ರೀ, ನಮ್ಮ ಯಜಮಾನರು ಯಾವ ಊರಿನವರಂತ ನನ್ನನ್ನೇ ಕೇಳ್ತಾರ’ ಎಂದರು. ಕಾಗದದ ಕೆಳಗಿನ ಸಹಿ ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ‘ಅಣ್ಣಾರ, ನೀವೂ ಸರಕಾರದಾಗ ಇದ್ದೀರಿ, ಇಂಥವರಿಗೆ ಸ್ವಲ್ಪ ಬುದ್ಧಿ ಹೇಳ್ರಿ’ ಎಂದು ನನ್ನ ಕಡೆಗೂ ತಿರುಗಿದರು. ಹೇಳುತ್ತೇನೆ ತಾಯಿ ಎಂದೆ. ಅದಾಗಿ ಸ್ವಲ್ಪ ಕಾಲಕ್ಕೆ ಅವರು ಮಗನ ಮನೆಗೆ, ಬೇರೆ ರಾಜ್ಯಕ್ಕೆ ಹೋದರು. ನಾನು ಅವರಿಗೆ ಹೇಳಲೇ ಇಲ್ಲ. ಅವರನ್ನು ಬಲ್ಲವರು ಇಲ್ಲಿ ಕೆಲವರಿದ್ದೀರಿ. ದಯವಿಟ್ಟು ಈ ಮಾತನ್ನು ಅವರಿಗೆ ತಲುಪಿಸಬೇಕು.

ಕರಡು ಬರೆಯಲು ಕುಳಿತಾಗಲೆಲ್ಲ ಅಡ್ಡ ಬಂದದ್ದು ಇದು. ಊರುಗಳ ಹೆಸರು ಬದಲಾಯಿಸುವುದಕ್ಕೆ ನಾನು ವಿರೋಧಿಯಲ್ಲ. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದಾಗ ತಂದೆಯವರು ಕಾರ್ಖಾನೆಯಲ್ಲಿ ಪೇಡ ಹಂಚಿದ್ದರಂತೆ. 1995ರಲ್ಲಿ ಬಾಂಬೆ ಮುಂಬಯಿಯಾದದ್ದನ್ನೂ, 2014ರಲ್ಲಿ ಬ್ಯಾಂಗಲೋರ್ ಬೆಂಗಳೂರಾದದ್ದನ್ನೂ ಸರಿಯೆಂದೇ ತಿಳಿದವನು ನಾನು. ಅವು ಜನರ ನಾಲಗೆಯ ಮೇಲೆ ಮೊದಲೇ ಇದ್ದ ಹೆಸರುಗಳು. 2022ರಲ್ಲಿ ನಮ್ಮೂರಿನ ಮೇಲೆಯೇ ಹಾಯುವ ಟಿಪ್ಪು ಎಕ್ಸ್‌ಪ್ರೆಸ್ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಗಾಡಿಯ ಹೆಸರಿಗಾಗಿ ಎರಡು ಗುಂಪಿನವರು ಹೊಡೆದಾಡಿದಷ್ಟು ಅದರ ಹಳಿಯ ಪಕ್ಕದ ಊರುಗಳ ಹೆಸರಿಗಾಗಿ ಯಾರೂ ಚಿಂತಿಸಿದ್ದನ್ನು ಕಾಣೆ.

ನಾವಿರುವ ಊರಿನ ಶಿವಾಲಯವನ್ನು ನೋಡಿ. ಶಿಲಾಹಾರ ಛಿತ್ತರಾಜ ಆರಂಭಿಸಿ ತಮ್ಮ ಮುಮ್ಮುಣಿ ಮುಗಿಸಿದ ಗುಡಿ, ಶಾಸನದ ಕಾಲ 1060. ಆ ಅರಸರ ಬಿರುದುಗಳಲ್ಲಿ ಕನ್ನಡದ ಪದಗಳಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಊರಿಗೆ ದೇವರ ಹೆಸರು ನಿಂತಿತು, ಅರಸರ ಹೆಸರು ಕಲ್ಲಿನೊಳಗೆ ಉಳಿಯಿತು. ಆ ನದಿಯ ಬದಿಯಲ್ಲಿ ಒಂಬತ್ತು ಶತಮಾನಗಳ ಹಿಂದೆಯೇ ನಮ್ಮ ಮಾತಿನ ಸುಳಿವಿರುವಾಗ ಒಂದು ಚೌಕದ ತಗಡಿನ ಫಲಕದಿಂದ ನಮಗೆ ಹೆಚ್ಚಾಗಿ ಸಿಗುವುದೇನು? ಮರಾಠಿ ನೆರೆಯವರೊಡನೆ ಒಂದು ವಾಗ್ವಾದ ಸಿಕ್ಕೀತು. ಸಮಿತಿ ಬೇಕೆಂದರೆ ಬೇರೆಯವರಿಂದ ಕರಡು ಬರೆಸಲಿ, ನನಗೆ ಬೇಸರವಿಲ್ಲ.

ನನ್ನಿಂದ ಆಗುವುದು ಇಷ್ಟು. ಮುಂದಿನ ಭಾನುವಾರದಿಂದ ಬೆಳಿಗ್ಗೆ 10ರಿಂದ 12ರವರೆಗೆ ಸಂಘದ ವಾಚನಾಲಯದಲ್ಲಿ ಕುಳಿತಿರುತ್ತೇನೆ. ನಿಮ್ಮ ಮನೆಯ ಹಿರಿಯರ ಹಳೆಯ ಕಾಗದಗಳನ್ನು ತನ್ನಿ: ಶಾಲೆಯ ಸರ್ಟಿಫಿಕೇಟು, ಸೇವಾ ಪುಸ್ತಕದ ನಕಲು, ಜಮೀನಿನ ಪತ್ರ, ಲಗ್ನಪತ್ರಿಕೆ. ಅದರಲ್ಲಿ ಊರಿನ ಹೆಸರು ಹೇಗೆ ಬರೆದಿದೆ, ಮನೆಯಲ್ಲಿ ಹೇಗೆ ಕರೆಯುತ್ತಿದ್ದರು, ಈಗ ಸರಕಾರ ಹೇಗೆ ಬರೆಯುತ್ತದೆ ಎಂಬ ಮೂರನ್ನೂ ಒಂದು ವಹಿಯಲ್ಲಿ ದಾಖಲಿಸೋಣ. ಎಲ್ಲಿ ಅರ್ಜಿಯ ತೊಡಕಿದೆಯೋ ಅಲ್ಲಿ ಪ್ರಮಾಣಪತ್ರದ ಒಕ್ಕಣೆಯನ್ನು ನಾನೇ ಬರೆದುಕೊಡುತ್ತೇನೆ. ವಯಸ್ಸಾದವರು ಬರಲಾಗದಿದ್ದರೆ ಹೇಳಿಕಳಿಸಿ, ನಾನೇ ಮನೆಗೆ ಬರುತ್ತೇನೆ. ವಹಿಯ ಮೊದಲನೆಯ ಸಾಲನ್ನು ಬರೆದಾಗಿದೆ: ಹಿರೋಡೆ, ಫ್ರೆಂಚ್ ರಾಕ್ಸ್, ಪಾಂಡವಪುರ. ಎರಡನೆಯದು ಕಲ್ಯಾಣಿ, ಬಸವಕಲ್ಯಾಣ.