ಉಳಿಸುವ ಮೊದಲು ಸವಿಯೋಣ



ಇಂದು ನನಗೆ ಕೊಟ್ಟಿರುವ ವಿಷಯ ‘ಹೊರನಾಡಿನಲ್ಲಿ ಬದುಕಿನ ಸವಿ’. ಪ್ರವಾಸ, ಊಟ, ಓದು, ಕಲೆ ಎಲ್ಲವೂ ಇದರಲ್ಲಿ ಬರಬೇಕೆಂದು ಸಂಚಾಲಕಿಯರು ಹೇಳಿದ್ದಾರೆ. ಈ ವಿಷಯ ನನಗೆ ಇಷ್ಟವಾಯಿತು. ಯಾಕೆಂದರೆ ಮುಂಬಯಿಯ ನಮ್ಮ ಸಭೆಗಳಲ್ಲಿ ‘ಕನ್ನಡ ಉಳಿಸಬೇಕು, ಸಂಸ್ಕೃತಿ ಬೆಳೆಸಬೇಕು’ ಎಂಬ ಮಾತು ಕೇಳಿ ಕೇಳಿ ಅದು ನಮಗೊಂದು ಮನೆಗೆಲಸದ ಹಾಗೆ ಆಗಿಬಿಟ್ಟಿದೆ. ಪಾತ್ರೆ ತೊಳೆಯಬೇಕು, ಬಟ್ಟೆ ಒಗೆಯಬೇಕು, ಸಂಸ್ಕೃತಿ ಉಳಿಸಬೇಕು! ಈ ಮೂರನೆಯ ಕೆಲಸವೂ ಹೆಚ್ಚಾಗಿ ನಮ್ಮ ಪಾಲಿಗೇ ಬರುತ್ತದೆ. ಹಾಗಾದರೆ ಅದನ್ನು ಸವಿಯುವುದು ಯಾವಾಗ? ಇವತ್ತು ನನಗೆ ಕೇಳಬೇಕಾಗಿರುವುದು ಈ ಒಂದು ಪ್ರಶ್ನೆ.

ಮೊದಲು ಪ್ರವಾಸದ ಮಾತು. ನಮ್ಮಲ್ಲಿ ಹೆಚ್ಚಿನವರಿಗೆ ಪ್ರವಾಸ ಎಂದರೆ ಊರಿಗೆ ಹೋಗುವುದು. ಬಸ್ಸಿನಲ್ಲಿ ಘಟ್ಟ ಹತ್ತಿ ಇಳಿದು ಸೊಂಟ ಹಿಡಿಸಿಕೊಂಡ ಕಾಲವನ್ನು ಇಲ್ಲಿರುವ ಹಿರಿಯರು ಮರೆತಿಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಗ್ಗೆ ಕರಾವಳಿ. ಇದು ದೊಡ್ಡ ಭಾಗ್ಯ. ಆದರೆ ಊರಿಗೆ ಹೋದ ಹೆಂಗಸಿಗೆ ರಜೆ ಇದೆಯೇ? ಮದುವೆ, ಗೃಹಪ್ರವೇಶ, ನಾಗನಿಗೆ ತಂಬಿಲ, ಅತ್ತೆಯವರ ಕಣ್ಣಿನ ಆಪರೇಶನ್. ಕರಾವಳಿಯವರಾಗಲಿ, ಧಾರವಾಡ ವಿಜಯಪುರದ ಕಡೆಯವರಾಗಲಿ, ಇದರಲ್ಲಿ ಭೇದವಿಲ್ಲ. ಇಲ್ಲಿಯ ಅಡುಗೆಮನೆಯಿಂದ ಅಲ್ಲಿಯ ಅಡುಗೆಮನೆಗೆ ಟಿಕೆಟು ತೆಗೆದ ಹಾಗೆ. ಊರಿಗೆ ಹೋಗುವುದು ಬೇಡವೆಂದು ನಾನು ಹೇಳುತ್ತಿಲ್ಲ. ವರ್ಷದ ರಜೆಯೆಲ್ಲ ಅದಕ್ಕೇ ಮುಗಿದು, ನಲವತ್ತು ವರ್ಷ ಬಾಳಿದ ಈ ಮುಂಬಯಿಯನ್ನೇ ನಾವು ನೋಡದೆ ಉಳಿದಿದ್ದೇವೆ.

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ ಕನ್ಹೇರಿ ಗುಹೆಗಳಿವೆ. ಬಂಡೆ ಕೊರೆದು ಮಾಡಿದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಅಲ್ಲಿ 9ನೇ ಶತಮಾನದ ಕೆಲವು ಸಂಸ್ಕೃತ ಶಾಸನಗಳಿವೆ. ಒಂದು ಶಕ ವರ್ಷ 799ರದು, ಅಂದರೆ ಕ್ರಿ.ಶ. 877. ಅವುಗಳಲ್ಲಿ ಬರುವ ಚಕ್ರವರ್ತಿಯ ಹೆಸರು ಅಮೋಘವರ್ಷ. ನಾವು ಶಾಲೆಯಲ್ಲಿ ಓದಿದ ನೃಪತುಂಗನೇ ಈತ. ಇಂದು ನಮಗೆ ಸಿಗುವ ಕನ್ನಡದ ಮೊದಲ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ಈತನ ಆಸ್ಥಾನದಲ್ಲಿ. ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕುಳಿತು ಆಳಿದ ದೊರೆಯ ಹೆಸರು ಬೊರಿವಲಿಯ ಬಂಡೆಯ ಮೇಲಿದೆ! ಆಗ ಈ ಕೊಂಕಣವನ್ನು ಆತನ ಸಾಮಂತರಾಗಿ ಆಳುತ್ತಿದ್ದವರು ಶಿಲಾಹಾರರು. ಅದೇ ಮನೆತನದ ಕಾಲದಲ್ಲಿ, 1060ರಲ್ಲಿ ಕಟ್ಟಿದ ಶಿವಾಲಯ ಅಂಬರ್‌ನಾಥದಲ್ಲಿದೆ. ಸೆಂಟ್ರಲ್ ಲೈನಿನ ಲೋಕಲ್‌ನಲ್ಲಿ ಹೋಗಿ ಸಂಜೆಗೆ ಮರಳಬಹುದು. ಮಕ್ಕಳನ್ನು ನೇರಳದಿಂದ ಪುಟ್ಟ ರೈಲಿನಲ್ಲಿ ಮಾಥೇರಾನ್‌ಗೆ ಕರೆದೊಯ್ದವರು ಇಲ್ಲಿ ಹಲವರಿದ್ದೀರಿ. ನಾಟಕಕಾರ ಗಿರೀಶ ಕಾರ್ನಾಡರು 1938ರಲ್ಲಿ ಹುಟ್ಟಿದ್ದು ಆ ಬೆಟ್ಟದ ಊರಿನಲ್ಲೇ ಎಂದು ಮಕ್ಕಳಿಗೆ ಹೇಳಿದ್ದೀರಾ? ಮುಂದಿನ ಸಲ ಹೇಳಿ. ‘ನಾವು ಹೊರಗಿನವರು’ ಎಂಬ ಅಳುಕು ಇಂತಹ ತಿರುಗಾಟದಲ್ಲಿ ತಾನಾಗಿ ಕರಗುತ್ತದೆ.

ಇನ್ನು ಊಟ. ಮುಂಬಯಿಗೆ ಕನ್ನಡಿಗರ ಗುರುತು ಮೊದಲು ಸಿಕ್ಕಿದ್ದು ನಾಲಿಗೆಯ ಮೂಲಕ. ಮಾಟುಂಗಾ ಸ್ಟೇಷನ್ನಿನ ಬಳಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಲೆಯ ಊಟ ಬಡಿಸುತ್ತಿದೆ. ಉಡುಪಿ, ಕುಂದಾಪುರದ ಕಡೆಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಕಥೆ ನಮ್ಮೆಲ್ಲರ ಮನೆಯಲ್ಲೂ ಇದೆ. ಆ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಹುಡುಗರ ಹಿಂದೆ ಬಂದ ಹೆಂಗಸರು ಚಾಳಿನ ಒಂದು ಕೋಣೆಯಲ್ಲಿ, ಒಂದು ಸ್ಟೋವಿನ ಮುಂದೆ ಇನ್ನೊಂದು ಕಥೆ ಬರೆದರು. ಪಕ್ಕದ ಮನೆಯ ಮರಾಠಿ ವಹಿನಿ ಕೆಸುವಿನ ಎಲೆಗೆ ಕಡಲೆಹಿಟ್ಟು ಸವರಿ ಅಳೂವಡಿ ಮಾಡಿದರೆ, ನಮ್ಮವರು ಅದೇ ಎಲೆಗೆ ಅಕ್ಕಿ ಮಸಾಲೆ ಅರೆದು ಸವರಿ ಪತ್ರೊಡೆ ಬೇಯಿಸಿದರು. ಗೋಡೆಯಾಚೆ ತಟ್ಟೆಗಳು ಅದಲು ಬದಲಾದವು. ತುಳುವರ ಪುನರ್ಪುಳಿ, ಉತ್ತರ ಕನ್ನಡದವರ ಮುರುಗಲು, ಇಲ್ಲಿಯವರ ಕೋಕಂ ಎಲ್ಲ ಒಂದೇ ಹಣ್ಣು. ನಮ್ಮ ಸಾರೂ ಅವರ ಸೋಲಕಡಿಯೂ ಒಂದೇ ಮರದ ಕೊಡುಗೆ. ಉತ್ತರ ಕರ್ನಾಟಕದ ಅಕ್ಕಂದಿರಿಗೆ ತಾಲಿಪಟ್ಟಿನ ವಿಷಯದಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ‘ಆಟಿಡೊಂಜಿ ದಿನ’ ಬಂದಾಗ ಇನ್ನೂರು ಜನರಿಗೆ ಪತ್ರೊಡೆ ಸುತ್ತುವವರು ನಾವು. ಎಲ್ಲರೂ ಉಂಡು ‘ಅಮ್ಮನ ಕೈರುಚಿ ನೆನಪಾಯಿತು’ ಎಂದು ಹೊಗಳಿ ಹೋದ ಮೇಲೆ ತಣ್ಣಗಾದ ತುಂಡನ್ನು ನಿಂತುಕೊಂಡೇ ತಿನ್ನುವವರೂ ನಾವೇ. ಮನೆಯಲ್ಲೂ ಕೊನೆಯ ದೋಸೆ ನಮ್ಮದು. ತಿಂಗಳಿಗೊಮ್ಮೆಯಾದರೂ ನಾವು ನಾಲ್ಕು ಜನ ಗೆಳತಿಯರು ಎಲೆಯ ಮುಂದೆ ಕುಳಿತು, ಬೇರೆಯವರು ಬಿಸಿಬಿಸಿಯಾಗಿ ಬಡಿಸಿದ್ದನ್ನು ನಿಧಾನವಾಗಿ ಉಣ್ಣೋಣ. ಅದು ದುಂದುವೆಚ್ಚವಲ್ಲ. ರುಚಿ ಹಂಚಬೇಕಾದವರಿಗೆ ರುಚಿ ನೋಡುವ ಹಕ್ಕೂ ಇರಬೇಕು.

ಓದಿನ ವಿಷಯಕ್ಕೆ ಬರೋಣ. ‘ಇಲ್ಲಿ ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆ?’ ಎಂದು ಕೇಳುವವರಿದ್ದಾರೆ. ಕನ್ನಡದ ಕೆಲವು ಒಳ್ಳೆಯ ಪುಸ್ತಕಗಳು ಹುಟ್ಟಿದ್ದೇ ಈ ನಗರದಲ್ಲಿ. ಹನೇಹಳ್ಳಿಯಿಂದ ಬಂದ ಯಶವಂತ ಚಿತ್ತಾಲರು ಇಲ್ಲಿಯ ಕಂಪೆನಿಯಲ್ಲಿ ದುಡಿಯುತ್ತಲೇ ‘ಶಿಕಾರಿ’ ಬರೆದರು. ಅದು 1979ರಲ್ಲಿ ಬಂತು. ವ್ಯಾಸರಾಯ ಬಲ್ಲಾಳರು ಇಲ್ಲಿಯ ಕಾರ್ಮಿಕರ ಬದುಕನ್ನು ‘ಬಂಡಾಯ’ದಲ್ಲಿ ತಂದರು, 1986ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಮಿತ್ರಾ ವೆಂಕಟ್ರಾಜ್ ಅವರ ಕಥೆಗಳಲ್ಲಿ ನಮ್ಮಂಥ ಹೆಂಗಸರ ಒಳಮನೆಯಿದೆ. ಶ್ಯಾಮಲಾ ಮಾಧವ ಅವರು ‘ಗಾನ್ ವಿದ್ ದ ವಿಂಡ್’ನಂಥ ದೊಡ್ಡ ಕಾದಂಬರಿಯನ್ನು ಮುಂಬಯಿಯಲ್ಲಿದ್ದುಕೊಂಡೇ ಕನ್ನಡಕ್ಕೆ ತಂದವರು. ‘ಸೃಜನಾ’ ಎಂಬ ಹೆಸರಿನಲ್ಲಿ ನಮ್ಮ ನಗರದ ಕನ್ನಡ ಲೇಖಕಿಯರು ಬಳಗವನ್ನೇ ಕಟ್ಟಿಕೊಂಡಿದ್ದಾರೆ. ನಮ್ಮ ಸಂಘಗಳ ಕಪಾಟುಗಳಲ್ಲೂ ಪುಸ್ತಕಗಳಿವೆ, ಬೀಗ ಹಾಕಿಕೊಂಡು ಕುಳಿತಿವೆ. ಬೀಗದ ಕೈ ಕೇಳಬೇಕಾದವರು ನಾವು.

‘ಸಮಯ ಎಲ್ಲಿದೆ?’ ಎನ್ನುತ್ತೀರಿ. 1992ರ ಮೇ 5ರಂದು ಚರ್ಚ್‌ಗೇಟ್‌ ಮತ್ತು ಬೊರಿವಲಿ ನಡುವೆ ಮೊದಲ ಲೇಡೀಸ್ ಸ್ಪೆಷಲ್ ಹೊರಟಿತು. ಅಂದಿನಿಂದ ಆ ಗಾಡಿಯಲ್ಲಿ ಹೆಂಗಸರು ತರಕಾರಿ ಹೆಚ್ಚಿದ್ದಾರೆ, ಅರಸಿನ ಕುಂಕುಮ ಹಂಚಿದ್ದಾರೆ, ಭಜನೆ ಹಾಡಿದ್ದಾರೆ. ಕೂರಲು ಜಾಗ ಸಿಕ್ಕ ದಿನ ಒಂದು ಕಥೆಯನ್ನೂ ಓದಬಹುದು. ಸ್ಲೋ ಗಾಡಿಯಲ್ಲಿ ಒಂದು ಗಂಟೆ ದಾರಿ, ಒಂದು ಸಣ್ಣಕಥೆಗೆ ಧಾರಾಳವಾಯಿತು.

ಕಲೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪತ್ತನಾಜೆಗೆ ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬರುತ್ತಾರೆ. ಊರಿನಲ್ಲಿ ಚೆಂಡೆ ಸುಮ್ಮನಿರುವಾಗ ನಮ್ಮ ಸಭಾಗೃಹಗಳಲ್ಲಿ ಯಕ್ಷಗಾನ. ಮುಂದಿನ ಸಲ ಆಟಕ್ಕೆ ಹೋಗುವಾಗ ಪಕ್ಕದ ಮರಾಠಿ ಮನೆಯವರನ್ನೂ ಕರೆಯಿರಿ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ಮರಾಠಿ ನಾಟಕ ಕಟ್ಟಲು ಪ್ರೇರಣೆಯಾದದ್ದು ಹೊನ್ನಾವರದ ಬಳಿಯ ಕರ್ಕಿಯಿಂದ ಅಲ್ಲಿಗೆ ಹೋಗಿದ್ದ ನಮ್ಮ ಆಟದ ಮೇಳ. ಆ ನೆಂಟಸ್ತನವನ್ನು ನೆನಪಿಸಿ, ದಾದರಿನ ಶಿವಾಜಿ ಮಂದಿರದಲ್ಲಿ ಅವರ ಜೊತೆ ಒಂದು ಮರಾಠಿ ನಾಟಕವನ್ನೂ ನೋಡಿ ಬನ್ನಿ.

ಕೊನೆಯದಾಗಿ ಮಕ್ಕಳ ಮಾತು. ನಮ್ಮ ಕಾಲದ ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಬರಿದಾಗುತ್ತಿವೆ. ಇಂಗ್ಲಿಷಿನಲ್ಲಿ ಓದಿದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡುತ್ತಾರೆ, ಅಕ್ಷರ ತೋರಿಸಿದರೆ ತಡವರಿಸುತ್ತಾರೆ. ಮೊಮ್ಮಕ್ಕಳ ಕಾಲಕ್ಕೆ ಮಾತಾದರೂ ಉಳಿದೀತೇ ಎಂಬ ಚಿಂತೆ ನಮಗೆಲ್ಲ ಇದೆ. ‘ನಿನ್ನ ಮಾತೃಭಾಷೆ, ಕಲಿಯಲೇಬೇಕು’ ಎಂದು ಗದರಿದರೆ ಅವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಅಮ್ಮ ಪುಸ್ತಕ ಹಿಡಿದು ತನ್ನಷ್ಟಕ್ಕೆ ನಕ್ಕರೆ, ‘ಏನದು ಅಷ್ಟು ನಗುವಂಥದ್ದು?’ ಎಂದು ಮಗಳು ಕೇಳಿಯೇ ಕೇಳುತ್ತಾಳೆ. ಪಾಠ ಶುರುವಾಗುವುದು ಅಲ್ಲಿ.

ಒಂದು ಉಪಾಯ ಹೇಳುತ್ತೇನೆ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ತೇಜಸ್ವಿನಿ ನಿರಂಜನ ಅವರು ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದಿದ್ದಾರೆ. ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ 2018ರ ಡಿಎಸ್‌ಸಿ ಪ್ರಶಸ್ತಿ ಆ ಪುಸ್ತಕಕ್ಕೆ ಸಿಕ್ಕಿತು. ಮಗಳು ಇಂಗ್ಲಿಷಿನಲ್ಲಿ ಓದಲಿ, ನೀವು ಅದೇ ಕಥೆಯನ್ನು ಕನ್ನಡದಲ್ಲಿ ಓದಿ. ರಾತ್ರಿ ಊಟಕ್ಕೆ ಕುಳಿತಾಗ ಚರ್ಚೆ ಮಾಡಿ. ‘ಇಂಗ್ಲಿಷಿನಲ್ಲಿ ಈ ಮಾತು ಬಂದಿಲ್ಲ ನೋಡು’ ಎಂದು ನೀವು ಒಂದು ಕನ್ನಡ ಸಾಲು ಓದಿ ತೋರಿಸುವ ದಿನ ಬರುತ್ತದೆ. ಆ ಒಂದು ಸಾಲು ಸಾಕು.

ನನ್ನ ಬೇಡಿಕೆ ಸಣ್ಣದು. ಮನೆಯ ಕ್ಯಾಲೆಂಡರಿನಲ್ಲಿ ಹಾಲಿನವನ ಲೆಕ್ಕ, ಗ್ಯಾಸಿನ ತಾರೀಖು, ಮಕ್ಕಳ ಪರೀಕ್ಷೆ ಬರೆಯುವ ಕೈಯಲ್ಲೇ ತಿಂಗಳಿಗೆ ಒಂದು ದಿನಕ್ಕೆ ಸುತ್ತು ಹಾಕಿ ನಿಮ್ಮ ಹೆಸರು ಬರೆಯಿರಿ. ಒಂದು ತಿಂಗಳು ಕನ್ಹೇರಿ, ಇನ್ನೊಂದು ತಿಂಗಳು ಬಾಳೆಲೆ ಊಟ, ಮತ್ತೊಂದು ತಿಂಗಳು ಒಂದು ಪುಸ್ತಕ. ಸೋಮವಾರ ಮಾತ್ರ ಕನ್ಹೇರಿಗೆ ಹೋಗಬೇಡಿ, ಉದ್ಯಾನಕ್ಕೆ ಅಂದು ರಜೆ. ಮಕ್ಕಳು ದೊಡ್ಡವರಾಗಲಿ, ನಿವೃತ್ತಿಯಾಗಲಿ ಎಂದು ಕಾಯಬೇಡಿ; ಆಗ ಮೊಣಕಾಲು ಒಪ್ಪುವುದಿಲ್ಲ, ಕನ್ಹೇರಿಯಲ್ಲಿ ಮೆಟ್ಟಿಲು ಬಹಳ.

ಮುಂದಿನ ಸಭೆಗೆ ಬರುವಾಗ ಯಾರು ಎಲ್ಲಿಗೆ ಹೋದಿರಿ, ಏನು ಓದಿದಿರಿ ಎಂದು ಕೇಳುತ್ತೇನೆ.