ಬೆಳವಣಿಗೆಯಲ್ಲಿ ಹಿಂದಾದ ಮಕ್ಕಳ ಪಾಲನೆ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಓದಲಾದ ಉಪನ್ಯಾಸ)



ಶಿಶುವು ಹುಟ್ಟಿದ ಮನೆಯಲ್ಲಿ ಆನಂದವು ತುಂಬುವುದು ಲೋಕರೂಢಿ. ಆದರೆ ತಿಂಗಳುಗಳು ಕಳೆದರೂ ಕೊರಳು ನಿಲ್ಲದ, ಕರೆದರೂ ತಿರುಗಿ ನೋಡದ, ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುವ ಕೂಸು ಇರುವಲ್ಲಿ ಆ ಆನಂದವು ಮೆಲ್ಲಮೆಲ್ಲನೆ ಮೌನವಾಗಿ ಮಾರ್ಪಡುವುದು. ನೆರೆಹೊರೆಯವರು ಮೊದಲು ಸಮಾಧಾನ ಹೇಳುವರು. ಬಳಿಕ ತಾಯಿಯ ಜನ್ಮಾಂತರದ ಪಾಪವನ್ನು ಹುಡುಕುವರು. ತಾಯಿಯು ಹರಕೆ ಹೊತ್ತು, ಜಾತ್ರೆಯಿಂದ ಜಾತ್ರೆಗೆ ಕೂಸನ್ನು ಎತ್ತಿಕೊಂಡು ತಿರುಗುವಳು. ಹೀಗೆ ಎರಡು ಮೂರು ವರ್ಷಗಳು ಸಂದುಹೋಗುವುವು. ಕೂಸಿನ ಪಾಲಿಗೆ ಅತ್ಯಂತ ಬೆಲೆಯುಳ್ಳ ವರ್ಷಗಳು ಅವೇ. ಅವುಗಳನ್ನು ಉಳಿಸಿಕೊಳ್ಳುವ ಬಗೆ ಯಾವುದೆಂಬುದೇ ಈ ಉಪನ್ಯಾಸದ ವಿಷಯವು.

ಮೊದಲು ಕಾರಣವನ್ನು ವಿಚಾರಿಸತಕ್ಕುದು. ವೈದ್ಯರು ಸೆರೆಬ್ರಲ್ ಪಾಲ್ಸಿ ಎಂದು ಕರೆಯುವ ಮಿದುಳಿನ ಪಾರ್ಶ್ವವಾಯುವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಲಿಟಲ್ ಎಂಬ ಆಂಗ್ಲ ವೈದ್ಯನು 1861ರಲ್ಲಿ ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ, ಇಂತಹ ಮಕ್ಕಳ ಕೈಕಾಲುಗಳ ಬಿಗಿತಕ್ಕೂ ಹೆರಿಗೆಯ ಕಷ್ಟಗಳಿಗೂ ಇರುವ ಸಂಬಂಧವನ್ನು ವಿವರಿಸಿದನು. ದಿನ ತುಂಬದೆ ಹುಟ್ಟುವುದು, ಹೆರಿಗೆಯ ವೇಳೆ ಉಸಿರು ಕಟ್ಟುವುದು, ಎಳೆಗೂಸಿಗೆ ಕಾಮಾಲೆಯು ಮಿತಿಮೀರುವುದು, ಮಿದುಳಿನ ಪೊರೆಗೆ ಸೋಂಕು ತಗಲುವುದು ಮುಂತಾದವುಗಳಿಂದ ಬೆಳೆಯುತ್ತಿರುವ ಮಿದುಳಿಗೆ ಪೆಟ್ಟಾಗಬಹುದು. ಗರ್ಭದಲ್ಲಿಯೇ ಆಗುವುದೂ ಉಂಟು. ಇದರಲ್ಲಿ ತಾಯಿಯ ಪಾಪವೆಲ್ಲಿಯದು? ನೊಂದವಳ ಮೇಲೆ ಅಪವಾದವನ್ನು ಹೊರಿಸುವ ನಾಲಗೆಯೇ ಪಾಪವನ್ನು ಗಳಿಸುವುದು.

ಈ ಪೆಟ್ಟು ತಾನಾಗಿ ಹೆಚ್ಚುತ್ತ ಹೋಗುವುದಿಲ್ಲ. ಆದರೆ ಹಾಗೆಯೇ ಬಿಟ್ಟರೆ ಸ್ನಾಯುಗಳು ಗಿಡ್ಡವಾಗಿ, ಕೀಲುಗಳು ಸೆಟೆದು, ಮಗುವು ದಿನದಿನಕ್ಕೆ ಮುದುಡುವುದು. ಎಳೆಯ ಮಿದುಳಾದರೋ ಕಲಿಯುವ ಶಕ್ತಿಯಿಂದ ತುಂಬಿರುವುದು. ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ತಕ್ಕಮಟ್ಟಿಗೆ ಹುಡುಕಿಕೊಳ್ಳಬಲ್ಲುದು. ಆದುದರಿಂದ ನಾಲ್ಕು ತಿಂಗಳಾದರೂ ಕೊರಳು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕುಳಿತುಕೊಳ್ಳದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಸದ್ದಿಗೆ ಬೆಚ್ಚದಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸತಕ್ಕುದು. ಥೈರಾಯ್ಡ್ ಗ್ರಂಥಿಯ ರಸವು ಹುಟ್ಟಿನಿಂದಲೇ ಕಡಮೆಯಾಗಿರುವ ಕೂಸಿನ ವಿಷಯದಲ್ಲಿ ವಾರಗಳೇ ಮುಖ್ಯ: ಮೊದಲ ಕೆಲವು ವಾರಗಳಲ್ಲಿ ರಕ್ತಪರೀಕ್ಷೆಯಿಂದ ಕಂಡುಹಿಡಿದು ನಿತ್ಯವೂ ಗುಳಿಗೆ ಕೊಟ್ಟರೆ ಬುದ್ಧಿಮಾಂದ್ಯವನ್ನು ಬಹುಮಟ್ಟಿಗೆ ತಡೆಯಬಹುದು, ತಡವಾದರೆ ಕಳೆದುಹೋದುದು ಮರಳಿ ಬಾರದು.

ಇನ್ನು ಚಿಕಿತ್ಸೆಯ ರೀತಿ. ಫಿಸಿಯೋಥೆರಪಿಯು ಕೈಕಾಲುಗಳ ಬಿಗಿತವನ್ನು ಸಡಿಲಿಸಿ, ಕುಳ್ಳಿರುವುದನ್ನೂ ನಿಲ್ಲುವುದನ್ನೂ ಕಲಿಸುವುದು. ಆಕ್ಯುಪೇಷನಲ್ ಥೆರಪಿಯು ಉಣ್ಣುವುದು, ಅಂಗಿ ತೊಡುವುದು ಮುಂತಾದ ನಿತ್ಯಕರ್ಮಗಳನ್ನು ಅಭ್ಯಾಸ ಮಾಡಿಸುವುದು. ಸ್ಪೀಚ್ ಥೆರಪಿಯು ಮಾತನ್ನೂ, ಮಾತು ಬಾರದಿದ್ದಲ್ಲಿ ಚಿತ್ರ ಸನ್ನೆಗಳಿಂದ ಇಂಗಿತವನ್ನು ತಿಳಿಸುವ ಬಗೆಯನ್ನೂ ಕಲಿಸುವುದು. ಆದರೆ ಚಿಕಿತ್ಸಕನು ವಾರಕ್ಕೆ ಒಂದೆರಡು ಗಳಿಗೆ ಮಾತ್ರ ಮಗುವನ್ನು ನೋಡುವನು. ಉಳಿದ ಕಾಲವೆಲ್ಲವೂ ಮನೆಯವರದು. ಅವನು ತೋರಿಸಿಕೊಟ್ಟುದನ್ನು ದಿನದಿನವೂ ನಡೆಯಿಸಿದಾಗಲೇ ಫಲವು. ಎರಡು ಗೋಡೆ ಕೂಡುವ ಮೂಲೆಯಲ್ಲಿ ಮಗುವನ್ನು ಕುಳ್ಳಿರಿಸಿದರೆ ಬೆನ್ನಿಗೆ ಎರಡು ಕಡೆಯಿಂದಲೂ ಆಸರೆ ದೊರೆಯುವುದು. ಊರ ಬಡಗಿಯು ಅದೇ ಆಕಾರದ ಪೀಠವನ್ನು ಮಾಡಿಕೊಡಬಲ್ಲನು. ರೊಟ್ಟಿಯ ಹಿಟ್ಟನ್ನು ನಾದುವುದು ಬೆರಳುಗಳಿಗೆ ಸಾಧನೆ. ಸ್ನಾನ ಮಾಡಿಸುವಾಗ ನೀರು, ಕೈ, ಕಾಲು ಎಂದು ಹೆಸರಿಟ್ಟು ಹೇಳಿ, ಮಗುವಿನ ಉತ್ತರಕ್ಕಾಗಿ ಕಾದಿರುವುದು ಮಾತಿನ ಪಾಠವು. ಅವಸರದಿಂದ ತಾಯಿಯೇ ಎಲ್ಲವನ್ನೂ ಮಾಡಿಬಿಟ್ಟರೆ ಮಗುವು ಕಲಿಯುವುದೆಂತು?

ಆರೋಗ್ಯದ ಕಡೆಗೂ ಲಕ್ಷ್ಯವಿರಬೇಕು. ನುಂಗಲು ಕಷ್ಟಪಡುವ ಮಗುವನ್ನು ಅಂಗಾತ ಮಲಗಿಸಿ ಉಣಿಸಿದರೆ ಅನ್ನವು ಶ್ವಾಸನಾಳಕ್ಕೆ ಇಳಿಯುವ ಭಯವುಂಟು. ಕುಳ್ಳಿರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಸಣ್ಣ ತುತ್ತಾಗಿ ಉಣಿಸತಕ್ಕುದು. ಅಪಸ್ಮಾರವಿದ್ದರೆ ಔಷಧವನ್ನು ತಾವಾಗಿ ನಿಲ್ಲಿಸಬಾರದು. ಸೆಳವು ಬಂದಾಗ ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ, ಬಾಯಿಗೆ ಏನನ್ನೂ ತುರುಕಬಾರದು. ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಡೌನ್ ಸಿಂಡ್ರೋಮಿನ ಮಕ್ಕಳಲ್ಲಿ ಹೃದಯದ ದೋಷವು ಬಹಳವಾಗಿ ಕಂಡುಬರುವುದರಿಂದ ಅದನ್ನು ಮೊದಲೇ ಪರೀಕ್ಷಿಸಿಕೊಳ್ಳತಕ್ಕುದು.

ಬಡವರಿಗೆ ಇದೆಲ್ಲವೂ ಎಟುಕುವುದೇ ಎಂಬ ಶಂಕೆ ಸಹಜವಾದುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಅಂಗನವಾಡಿ ಮತ್ತು ಸರಕಾರಿ ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆಯಬೇಕು. ದೋಷ ಕಂಡವರಿಗೆ ಜಿಲ್ಲಾ ಮಟ್ಟದ ಕೇಂದ್ರದಲ್ಲಿ ಚಿಕಿತ್ಸೆಯುಂಟು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1960ರ ದಶಕದಿಂದಲೂ ಕಿವಿ ಮತ್ತು ಮಾತಿನ ದೋಷಗಳಿಗೆ ಚಿಕಿತ್ಸೆ ನೀಡುತ್ತಿರುವುದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ನಿಗದಿಯಾದ ಪ್ರಮಾಣದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿರುವುದು. ಹಕ್ಕು ಕಾಗದದಲ್ಲಿದ್ದರೆ ಸಾಲದು, ಕೇಳುವವರು ಬೇಕು.

ಶರಣ ಮಹಾಶಯರೇ, ಚಿಕಿತ್ಸೆಯು ಪವಾಡವಲ್ಲ. ಎಷ್ಟು ಸಾಧಿಸಿದರೂ ನಡೆಯದ ಮಕ್ಕಳುಂಟು. ಆದರೆ ನಡೆಯಲಾರದ ಮಗುವು ತನ್ನ ಕೈಯಿಂದ ಒಂದು ತುತ್ತು ಉಂಡರೆ, ನೀರಡಿಕೆಯನ್ನು ಸನ್ನೆಯಿಂದ ತಿಳಿಸಿದರೆ, ಅದು ಅಲ್ಪವಾದ ಲಾಭವಲ್ಲ. ದಿನವೂ ತಪ್ಪದೆ ಆ ಕಾಲುಗಳನ್ನು ನೀವುವ ತಾಯಿಯದು ನಿಜವಾದ ಕಾಯಕವು. ಆದರೆ ಆ ಭಾರವು ಅವಳೊಬ್ಬಳದೇ ಆಗಬಾರದು. ತಂದೆಯು ಅರ್ಧವನ್ನು ಹೊರಲಿ. ನೆರೆಯವರು ಆಸ್ಪತ್ರೆಯ ದಿನದಲ್ಲಿ ಅವಳ ಮನೆಗೆಲಸಕ್ಕೆ ಕೈಗೂಡಿಸಲಿ. ಉಳ್ಳವರು ಪ್ರಯಾಣದ ವೆಚ್ಚವನ್ನು ಕೊಡಲಿ. ಶಾಲೆಯ ಜಗಲಿಯಲ್ಲಿಯೂ ದಾಸೋಹದ ಪಂಕ್ತಿಯಲ್ಲಿಯೂ ಆ ಮಗುವಿಗೆ ಸ್ಥಳವಿರಲಿ. ಒಳಕೋಣೆಯಲ್ಲಿ ಅಡಗಿಸಿಡುವ ಕಾಲವು ಮುಗಿಯಲಿ. ಈ ಸಭೆಯಿಂದ ಮರಳಿದ ಒಬ್ಬರಾದರೂ ತಮ್ಮ ಕೇರಿಯ ಅಂತಹ ಒಂದು ಕೂಸನ್ನು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ದರೆ ಈ ಉಪನ್ಯಾಸವು ಸಾರ್ಥಕವಾದಂತೆಯೇ ಸರಿ.