ಒಪ್ಪುವ ಟ್ರಾನ್ಸ್‌ಫಾರ್ಮರನ್ನು ಆರಿಸುವ ಬಗೆ

ವಿಜಯದಶಮಿಯ ದಿನ ಮೈಸೂರಿನ ಜಂಬೂಸವಾರಿಯು ಬನ್ನಿಮಂಟಪವನ್ನು ಸೇರುವುದು. ಇರುಳಿನಲ್ಲಿ ಅಲ್ಲಿಯ ಮೈದಾನದಲ್ಲಿ ಪಂಜಿನ ಕವಾಯತು ನಡೆಯುವುದು. ಅದೇ ಬನ್ನಿಮಂಟಪದಲ್ಲಿ ವರ್ಷವೆಲ್ಲ ದುಡಿಯುವ ಕಾರ್ಖಾನೆಗಳೂ ಇವೆ. ಒಂದೆಡೆ ಕೆಲವು ಗಂಟೆಗಳ ದೀಪ, ಇನ್ನೊಂದೆಡೆ ದಿನವೂ ತಿರುಗುವ ಮೋಟಾರು. ಎರಡಕ್ಕೂ ಒಂದೇ ಬಗೆಯ ಟ್ರಾನ್ಸ್‌ಫಾರ್ಮರು ಒಪ್ಪುವುದೆ? ಇದನ್ನು ನಾವು ಈ ದಿನ ವಿಚಾರಮಾಡೋಣ.

1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಹೊರಡುವೆಡೆ ವೋಲ್ಟುಗಳನ್ನು ಏರಿಸಿ, ಬಳಸುವೆಡೆ ಇಳಿಸಿದುದರಿಂದಲೇ ಇದು ಸಾಧ್ಯವಾಯಿತು. ಇಂದು ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರು 11,000 ವೋಲ್ಟುಗಳನ್ನು ಸುಮಾರು 400ಕ್ಕೆ ಇಳಿಸಿಕೊಡುತ್ತದೆ.

ಮೊದಲನೆಯದು ಗಾತ್ರದ ಮಾತು. ಒಂದು ಕಾರ್ಖಾನೆಯ ಯಂತ್ರಗಳ ಒಟ್ಟು ಬಲ 100 ಕಿಲೋವಾಟು ಎನ್ನೋಣ. ಎಲ್ಲವೂ ಏಕಕಾಲದಲ್ಲಿ ನಡೆಯವು. ನೂರಕ್ಕೆ ಅರುವತ್ತರಷ್ಟು ನಡೆದರೆ 60 ಕಿಲೋವಾಟು. ಪವರ್ ಫ್ಯಾಕ್ಟರು 0.8 ಆದರೆ ಬೇಕಾದುದು 75 ಕೆ.ವಿ.ಎ. ಮುಂದಿನ ಬೆಳವಣಿಗೆಗೆ ಕಾಲುಭಾಗ ಸೇರಿಸಿದರೆ 94ರ ಹತ್ತಿರ. ಆದುದರಿಂದ 100 ಕೆ.ವಿ.ಎ. ಸಾಕು. “ಇರಲಿ” ಎಂದು 250ನ್ನು ಕೊಳ್ಳುವವರು, ಯಂತ್ರ ನಿಂತಿರುವ ರಾತ್ರಿಗೂ ನಷ್ಟ ತೆರುವರು. ಏಕೆಂದರೆ ಕಬ್ಬಿಣದ ನಷ್ಟವು ಹೊರೆಯಿರಲಿ, ಇಲ್ಲದಿರಲಿ, ಸಮವಾಗಿಯೇ ನಡೆಯುತ್ತದೆ. ತಾಮ್ರದ ನಷ್ಟವಾದರೋ ಹೊರೆಯ ವರ್ಗದಂತೆ ಬೆಳೆಯುತ್ತದೆ. ಹೊರೆ ಇಮ್ಮಡಿಯಾದರೆ ನಷ್ಟ ನಾಲ್ಮಡಿ.

ಹಾಗೆಂದು ತೀರ ಚಿಕ್ಕದನ್ನು ಕೊಳ್ಳುವುದೂ ಸಲ್ಲದು. ಸುರುಳಿಗಳ ಸುತ್ತಿನ ಕಾಗದವು ಬಿಸಿಗೆ ಸೊರಗುವುದು. ಉಷ್ಣತೆ ಸುಮಾರು 6 ಡಿಗ್ರಿ ಏರಿದಂತೆಲ್ಲ ಅದರ ಆಯುಸ್ಸು ಅರ್ಧಕ್ಕಿಳಿಯುವುದೆಂದು ಲೆಕ್ಕವಿದೆ. ಎಣ್ಣೆಯು ನಿಧಾನವಾಗಿ ಕಾಯುವುದರಿಂದ ಕೆಲವೇ ಗಂಟೆಗಳ ಹೆಚ್ಚಿನ ಹೊರೆಯನ್ನು ತಾಳಬಲ್ಲುದು. ದಿನದಿನದ ಅತಿಹೊರೆಯನ್ನು ತಾಳಲಾರದು. ವರ್ಷದಲ್ಲಿ ಕೆಲವು ಸಂಜೆಗಳಿಗಷ್ಟೇ ಬೇಕಾದ ದೀಪಗಳಿಗೆ ಕಬ್ಬಿಣದ ನಷ್ಟ ಕಡಮೆಯಿರುವುದನ್ನು ಆರಿಸಿ, ಉಳಿದ ದಿನ ಕಳಚಿಡುವುದು ಲೇಸು.

ಎರಡನೆಯದು ಹೊರೆಯ ಸ್ವಭಾವ. ನೇರವಾಗಿ ಚಾಲೂಮಾಡಿದ ಮೋಟಾರು ಕ್ಷಣಕಾಲ ಐದಾರುಪಟ್ಟು ಪ್ರವಾಹವನ್ನು ಸೆಳೆಯುತ್ತದೆ. ಬೆಸುಗೆಯ ಯಂತ್ರವು ಬಿಟ್ಟುಬಿಟ್ಟು ಎಳೆಯುತ್ತದೆ. ಇವು ಇದ್ದಲ್ಲಿ ವೋಲ್ಟುಗಳು ಕುಸಿದು ದೀಪಗಳು ಮಿನುಗುವುವು. ಆದುದರಿಂದ ಅತಿ ದೊಡ್ಡ ಮೋಟಾರು ಯಾವುದು, ಅದು ಹೇಗೆ ಹೊರಡುವುದು ಎಂಬುದನ್ನು ಮಾರುವವನು ಗಿರಾಕಿಯನ್ನು ಮೊದಲು ಕೇಳಬೇಕು.

ಮೂರನೆಯದು ಸ್ಥಳ. ಹೊರಗಣ ಬಯಲಿಗೆ ಎಣ್ಣೆಯದು ಅಗ್ಗ, ತಂಪು. ಜನ ಸೇರುವ ಕಟ್ಟಡದೊಳಗಾದರೆ ಎಣ್ಣೆಗೆ ಕಿಚ್ಚು ಹತ್ತುವ ಭಯವಿರುವುದರಿಂದ, ಬೆಲೆ ಹೆಚ್ಚಾದರೂ, ರಾಳದಲ್ಲಿ ಅಚ್ಚುಹಾಕಿದ ಒಣ ಜಾತಿಯದೇ ಯುಕ್ತ. ಇಲ್ಲಿ ಉಳಿಸಿದ ಹಣಕ್ಕೆ ಪ್ರಾಣವೇ ಬೆಲೆಯಾದೀತು.

ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಬನ್ನಿಯ ಮರದಲ್ಲಿಟ್ಟರಷ್ಟೆ. ಅವುಗಳಲ್ಲಿ ಯಾರ ಆಯುಧ ಯಾರಿಗೆಂಬುದು ಗೊತ್ತಿತ್ತು. ಯಂತ್ರಗಳಿಗೂ ಅದೇ ನ್ಯಾಯ. ಕೊಳ್ಳುವವರು ಬೆಲೆಪಟ್ಟಿಯನ್ನು ನೋಡುವ ಮುನ್ನ ತಮ್ಮ ಒಂದು ದಿನದ ಹೊರೆಯನ್ನು ಗಂಟೆಗಂಟೆಗೂ ಬರೆದಿಡಲಿ. ಆ ಒಂದು ಹಾಳೆಯೇ ಸರಿಯಾದ ಟ್ರಾನ್ಸ್‌ಫಾರ್ಮರನ್ನು ತೋರಿಸಿಕೊಡುವುದು.